ನೆತ್ತಿಯ ಸೂರ್ಯನೂ ಮೈದಾನದ ಮಕ್ಕಳೂ

ತುಮಕೂರು ಜಿಲ್ಲೆಯ ಉತ್ತರಭಾಗವನ್ನು ವ್ಯಾಪಿಸಿಕೊಂಡಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರಿಗೆ ಸೇರಿದವಾದರೂ, ವಿದ್ಯಾಭ್ಯಾಸದ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಪ್ರತ್ಯೇಕ ಘಟಕವಾಗಿ ಒಂದೇ ಆಡಳಿತದ ಕೆಳಗೆ ಬಂದಿವೆ. ಈ ನಾಲ್ಕು ತಾಲ್ಲೂಕುಗಳ ಶಾಲಾಮಕ್ಕಳು ಒಬ್ಬರಿಗೊಬ್ಬರು ಎದುರಾಗುವುದು ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಹೇಗೋ ಹಾಗೆಯೇ ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್, ಕಾಲ್ಚೆಂಡುಗಳ ಅಂಗಳದಲ್ಲಿಯೂ ಉಂಟು. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದದ್ದು ಜಿಲ್ಲೆಗೆ ಹೋಗುವ ಆ ಏಣಿಯ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಆಟಗಾರರ ಸುತ್ತ ಸಹಪಾಠಿಗಳೂ, ಅಧ್ಯಾಪಕರೂ, ಬಸ್ಸು ಹತ್ತಿ ಬಂದ ತಾಯಿತಂದೆಗಳೂ ನೆರೆಯುತ್ತಾರೆ. ಬೇಸಗೆ ಬಂದಿತೆಂದರೆ ಆಟ ಶಾಲೆಯಿಂದ ಊರಿಗೆ ಇಳಿಯುತ್ತದೆ: ರಾಗಿ, ಕಡಲೆಕಾಯಿಗಳ ಒಕ್ಕಣೆ ಮುಗಿದು, ಯುಗಾದಿ ಕಳೆದು, ಗ್ರಾಮದೇವತೆಯ ಜಾತ್ರೆ ಹತ್ತಿರವಾದಾಗ ಊರೂರಿನ ಯುವಕರು ಚಂದಾ ಎತ್ತಿ ಪಂದ್ಯಾವಳಿಗಳನ್ನು ಏರ್ಪಡಿಸುವರು, ಬಸ್‌ನಿಲ್ದಾಣದ ಗೋಡೆಗಳಲ್ಲಿ ಬಹುಮಾನದ ಮೊತ್ತವನ್ನು ದಪ್ಪಕ್ಷರಗಳಲ್ಲಿ ಸಾರುವ ಭಿತ್ತಿಪತ್ರಗಳು ಕಾಣಿಸಿಕೊಳ್ಳುವುವು. ಈ ಉತ್ಸಾಹ ನಾಡಿಗೆ ಭೂಷಣವಾದುದು. ಆದರೆ ಆಟದ ದಿನವನ್ನು ಗೊತ್ತುಮಾಡುವಾಗ ಮೈದಾನ, ಅತಿಥಿ, ಬಹುಮಾನ, ಧ್ವನಿವರ್ಧಕಗಳೆಲ್ಲವನ್ನೂ ಆಲೋಚಿಸುವ ನಾವು, ಇವೆಲ್ಲಕ್ಕಿಂತ ಪ್ರಬಲವಾದ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪೂರ್ವ. ಬಿಸಿಲಿಗೆ ತಕ್ಕಂತೆ ಬಾಗಬೇಕಾದುದು ಪಂದ್ಯದ ವೇಳಾಪಟ್ಟಿಯೇ ಹೊರತು ಆಟಗಾರನ ದೇಹವಲ್ಲ ಎಂಬ ಸರಳವಾದ ವಿವೇಕವನ್ನು ಎತ್ತಿಹೇಳುವುದೇ ಈ ಲೇಖನದ ಉದ್ದೇಶ.

ಬಂಡೆಯ ಸೀಮೆ

ಪಡುವಣ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ಉಳಿಸಿಕೊಂಡ ಮೇಲೆ ಮಿಕ್ಕ ತೇವವಷ್ಟೇ ತಲಪುವ ಮಳೆಯ ನೆರಳಿನ ಸೀಮೆ ಇದು. ವರ್ಷಕ್ಕೆ ಸರಾಸರಿ 500ರಿಂದ 700 ಮಿಲಿಮೀಟರಿನಷ್ಟು ಮಳೆಯನ್ನು ಕಾಣುವ ಈ ನೆಲದಲ್ಲಿ ಅದರ ಬಹುಭಾಗ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುತ್ತದೆ. ಜಯಮಂಗಲಿಯಂಥ ನದಿಗಳು ವರ್ಷದ ಬಹುಕಾಲ ಮರಳನ್ನು ಮಾತ್ರ ಹೊತ್ತಿರುತ್ತವೆ. ಮಧುಗಿರಿಯ ಪಟ್ಟಣದ ನೆತ್ತಿಯ ಮೇಲೆಯೇ ಎದ್ದು ನಿಂತ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿಗಳಷ್ಟು ಎತ್ತರವುಳ್ಳದ್ದು. ಕೊರಟಗೆರೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗಗಳಿಂದ ಮೊದಲ್ಗೊಂಡು ಪಾವಗಡದ ಕೋಟೆಬೆಟ್ಟದವರೆಗೆ ಕಣ್ಣು ಹಾಯಿಸಿದೆಡೆಯೆಲ್ಲ ಬೆಣಚುಕಲ್ಲಿನ ಬೋಳುಬಂಡೆಗಳು. ಹಗಲೆಲ್ಲ ಬಿಸಿಲನ್ನು ಹೀರಿಕೊಂಡ ಬಂಡೆ ಸೂರ್ಯನು ಮುಳುಗಿದೊಡನೆ ತಣ್ಣಗಾಗತಕ್ಕ ವಸ್ತುವಲ್ಲ. ರಾತ್ರಿಯ ಮೊದಲ ಜಾವದವರೆಗೂ ಅದು ಕಾವನ್ನು ಹೊರಸೂಸುತ್ತಲೇ ಇರುತ್ತದೆಂಬುದನ್ನು ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡವರೆಲ್ಲರೂ ಅನುಭವದಿಂದ ಬಲ್ಲರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾವಗಡ, ಶಿರಾಗಳ ಮಧ್ಯಾಹ್ನದ ತಾಪಮಾನ 40 ಡಿಗ್ರಿಯ ಸಮೀಪಕ್ಕೆ ಏರುವುದು ವಿಶೇಷವೇನಲ್ಲ. ಈ ಸೂರ್ಯನ ಪ್ರತಾಪಕ್ಕೆ ಸಾಕ್ಷಿ ಬೇಕೆಂದಿದ್ದರೆ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಸೌರವಿದ್ಯುತ್ ಸ್ಥಾವರವನ್ನು ನೋಡಬಹುದು. ಬೆಳೆ ಕೈಗೂಡದ ಬರದ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು, 2,050 ಮೆಗಾವಾಟ್ ವಿದ್ಯುತ್ತನ್ನು ಕೊಯ್ಯಲು ಹೊರಟದ್ದು ಇಲ್ಲಿ ಬಿಸಿಲಿಗೆ ಬರವಿಲ್ಲವೆಂಬ ಭರವಸೆಯಿಂದಲೇ.

ಇಂಥ ಸೀಮೆಯಲ್ಲಿ ಹುಲ್ಲು ಹಾಸಿದ ಮೈದಾನಗಳು ವಿರಳ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳವೇ ಎಷ್ಟೋ ಊರುಗಳಿಗೆ ಆಟದ ಬಯಲು. ಬಿರುಕುಬಿಟ್ಟ ಗೋಡುಮಣ್ಣನ್ನು ಸಮಮಾಡಿ, ಸುಣ್ಣದ ಪುಡಿಯಲ್ಲಿ ಗೆರೆಗಳನ್ನೆಳೆದು, ಎರಡು ಕಡೆಗಳಲ್ಲಿಯೂ ಗಳುಗಳನ್ನು ನೆಟ್ಟರೆ ಕಾಲ್ಚೆಂಡಿನ ಅಂಕಣ ಸಿದ್ಧವಾಯಿತು. ಒಂದು ದಡದಲ್ಲಿ ಬಳ್ಳಾರಿ ಜಾಲಿಯ ಗುಂಪು, ಏರಿಯ ಮೇಲೆ ಒಂದೆರಡು ಹುಣಿಸೆಮರ: ನೆರಳೆಂಬುದು ಅಷ್ಟೇ. ಮಧ್ಯಾಹ್ನ ಒಂದು ಗಂಟೆಗೆ ಆ ಒಣಮಣ್ಣಿನ ಮೇಲ್ಮೈ ಗಾಳಿಗಿಂತ ಎಷ್ಟೋ ಪಾಲು ಬಿಸಿಯಾಗಿರುತ್ತದೆ. ಬರಿಗಾಲಿನಲ್ಲಿ ನಿಂತ ಹುಡುಗನು ಕಾಲು ಬದಲಿಸುತ್ತಲೇ ಇರುವನು. ನಗರಗಳಲ್ಲಿ ಈಚೆಗೆ ಬಂದಿರುವ ಕೃತಕ ಹುಲ್ಲಿನ ಅಂಕಣಗಳು ಇದಕ್ಕಿಂತಲೂ ಹೆಚ್ಚು ಕಾಯುತ್ತವೆ. ಕಡುಬಿಸಿಲಿನಲ್ಲಿ ಅವುಗಳ ಮೇಲ್ಮೈ 60 ಡಿಗ್ರಿಯನ್ನು ಮೀರುವುದುಂಟು. ಜೀವಂತವಾದ ಹುಲ್ಲು ತನ್ನೊಳಗಿನ ನೀರನ್ನು ಆವಿಯಾಗಿಸಿ ತಣ್ಣಗಿರಬಲ್ಲುದು; ಪ್ಲಾಸ್ಟಿಕ್ಕಿನ ಎಳೆಗೆ ಆ ಶಕ್ತಿಯಿಲ್ಲ.

ಒಳಗಿನ ಬೆಂಕಿ, ಹೊರಗಿನ ಬೆಂಕಿ

ಆಟಗಾರನನ್ನು ಬಾಧಿಸುವ ತಾಪ ಎರಡು ಮೂಲಗಳಿಂದ ಬರುತ್ತದೆ. ಹೊರಗಿನ ಸೂರ್ಯನನ್ನು ಎಲ್ಲರೂ ಕಾಣುವರು. ಒಳಗೆ ಹೊತ್ತುವ ಬೆಂಕಿ ಯಾರಿಗೂ ಕಾಣುವುದಿಲ್ಲ. ನಾವು ಉಂಡ ಅನ್ನದ ಶಕ್ತಿಯಲ್ಲಿ ಸ್ನಾಯುಗಳು ಓಟಕ್ಕಾಗಿ, ಜಿಗಿತಕ್ಕಾಗಿ ಬಳಸಿಕೊಳ್ಳುವುದು ಶೇಕಡ 20ರಿಂದ 25ರಷ್ಟನ್ನು ಮಾತ್ರ. ಉಳಿದುದೆಲ್ಲ ಶಾಖವಾಗಿ ಮೈಯೊಳಗೇ ಬಿಡುಗಡೆಯಾಗುತ್ತದೆ. 60 ಕಿಲೋ ತೂಕದ ಆಟಗಾರನೊಬ್ಬನು ಬಿರುಸಾಗಿ ಓಡುತ್ತಿರುವಾಗ ಅವನ ದೇಹದಲ್ಲಿ ಗಂಟೆಗೆ ಸುಮಾರು 600 ಕಿಲೋಕ್ಯಾಲೊರಿಗಳಷ್ಟು ಶಾಖ ಹುಟ್ಟುತ್ತದೆಂದು ಇಟ್ಟುಕೊಳ್ಳೋಣ. ಅದು ಹೊರಹೋಗದೆ ಒಳಗೇ ಉಳಿದಲ್ಲಿ ಅವನ ಮೈಯ ತಾಪ ಐದೈದು ನಿಮಿಷಕ್ಕೆ ಒಂದೊಂದು ಡಿಗ್ರಿಯಂತೆ ಏರಿ, ಆಟದ ಪೂರ್ವಾರ್ಧ ಮುಗಿಯುವುದರೊಳಗೇ ಪ್ರಾಣಕ್ಕೆ ಅಪಾಯ ಬಂದೊದಗುತ್ತಿತ್ತು. ಹಾಗಾಗದೆ ಇರುವುದು ದೇಹದ ಶೈತ್ಯವ್ಯವಸ್ಥೆಯ ದಯೆಯಿಂದ.

ಆ ವ್ಯವಸ್ಥೆ ಹೀಗಿದೆ: ರಕ್ತವು ಒಳಗಿನ ಕಾವನ್ನು ಹೊತ್ತು ಚರ್ಮದ ಬಳಿಗೆ ಬರುತ್ತದೆ, ಚರ್ಮದಿಂದ ಕಾವು ಸುತ್ತಣ ಗಾಳಿಗೆ ಹರಿಯುತ್ತದೆ. ಆದರೆ ಚರ್ಮದ ತಾಪ ಸಾಮಾನ್ಯವಾಗಿ 35 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಗಾಳಿಯೇ ಅದಕ್ಕಿಂತ ಬಿಸಿಯಾಗಿರುವ ಪಾವಗಡದ ಏಪ್ರಿಲ್ ಮಧ್ಯಾಹ್ನದಲ್ಲಿ ಈ ಹರಿವು ತಿರುಗಿಬಿದ್ದು, ಗಾಳಿಯ ಕಾವೇ ಮೈಗೆ ಹರಿಯುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರು ಬೆವರು ಮೈಮೇಲೆಯೇ ಆರಿ ಆವಿಯಾದಾಗ ಸುಮಾರು 580 ಕಿಲೋಕ್ಯಾಲೊರಿಗಳಷ್ಟು ಶಾಖವನ್ನು ಒಯ್ಯುತ್ತದೆ. ಕಠಿಣವಾಗಿ ಆಡುವ ವಯಸ್ಕನು ಬಿಸಿಲಿನಲ್ಲಿ ಗಂಟೆಗೆ ಒಂದರಿಂದ ಎರಡು ಲೀಟರು ಬೆವರುವುದು ಈ ಕಾರಣದಿಂದ. ನಮ್ಮ ಒಣಸೀಮೆಯಲ್ಲಿ ಇದರ ಜೊತೆಗೆ ಒಂದು ಮರೆಯಾದ ಅಪಾಯವೂ ಸೇರಿಕೊಂಡಿದೆ. ಮಂಗಳೂರಿನ ಕಡಲತೀರದಲ್ಲಿ ಆಡುವವನ ಅಂಗಿ ತೊಯ್ದು ಮೈಗಂಟಿಕೊಳ್ಳುವುದರಿಂದ ತಾನು ನೀರು ಕಳೆದುಕೊಳ್ಳುತ್ತಿರುವುದು ಅವನಿಗೆ ತಿಳಿಯುತ್ತದೆ. ಶಿರಾದ ಬಯಲಿನಲ್ಲಿ ಬೆವರು ಹುಟ್ಟಿದಲ್ಲಿಯೇ ಆರಿಹೋಗುವುದರಿಂದ ಆಟಗಾರನು ತನಗೆ ಬೆವರೇ ಬರಲಿಲ್ಲವೆಂದು ಭಾವಿಸುತ್ತಾನೆ. ಪಂದ್ಯ ಮುಗಿದ ಮೇಲೆ ಅವನ ಬಣ್ಣದ ಜೆರ್ಸಿಯ ಬೆನ್ನಿನಲ್ಲಿ, ಕಂಕುಳ ಸುತ್ತ, ಬಿಳಿಯ ಉಪ್ಪಿನ ಗೆರೆಗಳು ಅಲೆಅಲೆಯಾಗಿ ಮೂಡಿರುವುದನ್ನು ನೋಡಿದರೆ ಆ ದೇಹದಿಂದ ಎಷ್ಟು ನೀರು, ಎಷ್ಟು ಲವಣ ಹೊರಟುಹೋಯಿತೆಂಬುದು ಕಣ್ಣಿಗೆ ಕಟ್ಟುವುದು.

ಮೈತೂಕದ ಶೇಕಡ ಎರಡರಷ್ಟು ನೀರು, ಎಂದರೆ 60 ಕಿಲೋ ತೂಕದವನಲ್ಲಿ ಒಂದು ಲೀಟರಿಗಿಂತ ತುಸು ಹೆಚ್ಚು, ಕಡಮೆಯಾದರೆ ಸಾಕು, ಆಟದ ಕಸುವು ಇಳಿಯತೊಡಗುತ್ತದೆ. ರಕ್ತದ ಪ್ರಮಾಣ ತಗ್ಗುತ್ತದೆ. ಆ ಕಡಮೆಯಾದ ರಕ್ತಕ್ಕೆ ದುಡಿಯುವ ಸ್ನಾಯುಗಳೂ ತಂಪಾಗಬೇಕಾದ ಚರ್ಮವೂ ಏಕಕಾಲಕ್ಕೆ ಕೈಚಾಚುತ್ತವೆ. ಎರಡನ್ನೂ ತೃಪ್ತಿಪಡಿಸಲೆಂದು ಹೃದಯ ತನ್ನ ಬಡಿತವನ್ನು ಏರಿಸುತ್ತಲೇ ಹೋಗುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ಸುಲಭವೆನಿಸಿದ ಓಟ ಎಪ್ಪತ್ತನೆಯ ನಿಮಿಷದಲ್ಲಿ ಪರ್ವತಾರೋಹಣವೆನಿಸುತ್ತದೆ. ಕಾಲು ತಡವರಿಸುವುದಲ್ಲದೆ ವಿವೇಚನೆಯೂ ಮಸುಕಾಗುತ್ತದೆ. ಚೆಂಡನ್ನು ಯಾರಿಗೆ ಕೊಡಬೇಕು, ಎದುರಾಳಿಯನ್ನು ಯಾವಾಗ ಹಿಡಿಯಬೇಕು ಎಂಬ ಕ್ಷಣಮಾತ್ರದ ನಿರ್ಣಯಗಳು ತಪ್ಪುತ್ತವೆ. ಕಾಲ್ಚೆಂಡಿನ ಆಟಗಾರನು 90 ನಿಮಿಷಗಳಲ್ಲಿ ಹತ್ತು ಕಿಲೋಮೀಟರುಗಳಷ್ಟು ಓಡಬೇಕಾಗುವುದು. 2014ರಲ್ಲಿ ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿನ ಪಂದ್ಯಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ತಾಪದ ಒತ್ತಡ ಹೆಚ್ಚಾಗಿದ್ದ ಪಂದ್ಯಗಳಲ್ಲಿ ಆಟಗಾರರು ಬಿರುಸಿನ ಓಟಗಳನ್ನು ಕಡಮೆಮಾಡಿ, ಚೆಂಡನ್ನು ಹೆಚ್ಚು ಜಾಗರೂಕತೆಯಿಂದ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಶಕ್ತಿಯನ್ನು ಉಳಿಸಿಕೊಂಡುದನ್ನು ಗುರುತಿಸಿದರು. ನುರಿತವರಿಗೆ ಈ ಮಿತವ್ಯಯ ಸಾಧ್ಯ. ತನ್ನ ಶಾಲೆಯ ಮಾನವೆಲ್ಲ ತನ್ನ ಕಾಲಿನಲ್ಲಿಯೇ ಇದೆಯೆಂದು ನಂಬಿ ಓಡುವ ಹದಿನಾಲ್ಕರ ಹುಡುಗನಿಗೆ ನಿಧಾನಿಸು ಎಂದು ಹೇಳುವವರು ಬೇಕು.

ಕಬಡ್ಡಿಯ ಕಾಲಾವಧಿ ಕಾಲ್ಚೆಂಡಿಗಿಂತ ಕಡಮೆ. ಗಂಡಸರ ಪಂದ್ಯ ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಭಾಗಗಳಲ್ಲಿ ಮುಗಿಯುತ್ತದೆ. ಆದರೆ ಉಸಿರು ಬಿಗಿಹಿಡಿದು ಪದ ಹೇಳುತ್ತ ನುಗ್ಗುವ ದಾಳಿಗಾರನ ಮೇಲೆ, ಅವನನ್ನು ಕೆಡಹಲು ಒಮ್ಮೆಗೇ ಎರಗುವ ಹಿಡಿತಗಾರರ ಮೇಲೆ, ಬೀಳುವ ಹೊರೆ ಅತ್ಯಂತ ತೀವ್ರವಾದುದು. ಮೇಲಾಗಿ ಊರಿನ ಪಂದ್ಯಾವಳಿಗಳಲ್ಲಿ ಗೆದ್ದ ತಂಡ ಒಂದೇ ಹಗಲಿನಲ್ಲಿ ಮೂರು ನಾಲ್ಕು ಪಂದ್ಯಗಳನ್ನಾಡಬೇಕಾಗುತ್ತದೆ. ಒಂದರ ಕಾವು ಇಳಿಯುವ ಮೊದಲೇ ಇನ್ನೊಂದಕ್ಕೆ ಕರೆ ಬರುತ್ತದೆ.

ಎಷ್ಟೇ ಗಟ್ಟಿಗನಾದರೂ ಈ ನಿಯಮಗಳಿಗೆ ಹೊರತಲ್ಲ. 1986ರ ಸೆಪ್ಟೆಂಬರಿನಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ಭಾರತದ ವಿರುದ್ಧ ಆಡಿದ ಆಸ್ಟ್ರೇಲಿಯದ ಡೀನ್ ಜೋನ್ಸ್, ಎಂಟು ಗಂಟೆಗಳಿಗೂ ಮಿಕ್ಕಿದ ಹೊತ್ತು ಬ್ಯಾಟು ಹಿಡಿದು ನಿಂತು 210 ಓಟಗಳನ್ನು ಗಳಿಸಿದುದು ಕ್ರಿಕೆಟ್ಟಿನ ಇತಿಹಾಸದಲ್ಲಿ ಇಂದಿಗೂ ಸ್ಮರಣೀಯ. ಆ ಆಟದ ನಡುವೆ ಅವರು ಮೈದಾನದಲ್ಲಿಯೇ ವಾಂತಿಮಾಡಿಕೊಂಡರು. ಸ್ನಾಯುಸೆಳೆತದಿಂದ ಕಾಲು ನಿಲ್ಲದಾಯಿತು. ಕಡೆಗೆ ಆಸ್ಪತ್ರೆಗೆ ಸಾಗಿಸಿ ಲವಣಜಲವನ್ನು ನಾಳಕ್ಕೆ ಹಾಯಿಸಬೇಕಾಯಿತು. ಆ ಕಥೆಯನ್ನು ಛಲದ ಮೇಲ್ಪಂಕ್ತಿಯೆಂದು ಹೇಳುವವರು ಅನೇಕರುಂಟು. ಶಾಲೆಯ ಮಕ್ಕಳಿಗೆ ಅದನ್ನು ಹೇಳುವಾಗ ಪಕ್ಕದಲ್ಲಿ ವೈದ್ಯರೂ ಆಸ್ಪತ್ರೆಯೂ ಇದ್ದ ಕಾರಣದಿಂದ ಆ ಆಟಗಾರ ಉಳಿದುಕೊಂಡರೆಂಬುದನ್ನು ಸೇರಿಸಿ ಹೇಳುವುದು ನಮ್ಮ ಕರ್ತವ್ಯ.

ಮಕ್ಕಳ ಮೈ

ಮಕ್ಕಳ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ತೂಕಕ್ಕೆ ಹೋಲಿಸಿದಾಗ ಚರ್ಮದ ವಿಸ್ತಾರ ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚಾದುದರಿಂದ, ಮೈಗಿಂತ ಗಾಳಿ ಬಿಸಿಯಾಗಿರುವ ಹೊತ್ತಿನಲ್ಲಿ ಅವರು ಹೊರಗಿನ ಕಾವನ್ನು ಬೇಗನೆ ಹೀರಿಕೊಳ್ಳುವರು. ಅವರ ಬೆವರುಗ್ರಂಥಿಗಳು ಸ್ರವಿಸುವುದೂ ಕಡಮೆ. ಆಟದ ಮೋಹದಲ್ಲಿ ಅವರಿಗೆ ಬಾಯಾರಿಕೆಯ ನೆನಪಿರುವುದಿಲ್ಲ. ನೆನಪಾದರೂ ದಣಿವನ್ನು ಒಪ್ಪಿಕೊಂಡರೆ ತಂಡದಿಂದ ತೆಗೆದುಬಿಡುವರೆಂಬ ಭಯದಿಂದ ಬಾಯಿಬಿಡುವುದಿಲ್ಲ.

ಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ ನಡೆಯುವುದರಿಂದ ಬಿಸಿಲಿನ ಭಯವಿಲ್ಲವೆಂದು ತಿಳಿಯಬಾರದು. ಮುಂಗಾರು ಕೈಕೊಟ್ಟು ಮೋಡ ಚದುರಿದ ಆಗಸ್ಟಿನ ನಡುಹಗಲು, ನೆಲದ ತೇವವೂ ಸೂರ್ಯನ ಉರಿಯೂ ಕೂಡಿಕೊಂಡು, ಬೆವರು ಆರಗೊಡದಂಥ ಸೆಖೆಯನ್ನು ತರುತ್ತದೆ. ಕ್ರೀಡಾಕೂಟದ ದಿನಚರಿಯನ್ನು ಒಮ್ಮೆ ನೆನೆಯೋಣ. ಪಾವಗಡದ ಗಡಿಯ ಹಳ್ಳಿಯ ಹುಡುಗಿಯೊಬ್ಬಳು ಮಧುಗಿರಿಯ ಮೈದಾನವನ್ನು ಒಂಬತ್ತಕ್ಕೆ ಸೇರಬೇಕಾದರೆ ನಸುಕಿನಲ್ಲಿಯೇ ಎದ್ದು, ಅರ್ಧ ಹೊಟ್ಟೆಗೆ ತಿಂದು, ಬಸ್ಸು ಹಿಡಿಯಬೇಕು. ಬಂದೊಡನೆ ಪಥಸಂಚಲನ, ಧ್ವಜಾರೋಹಣ, ಅನಂತರ ಅತಿಥಿಗಳ ಆಗಮನದ ನಿರೀಕ್ಷೆ, ಆಮೇಲೆ ಭಾಷಣಗಳು. ವೇದಿಕೆಗೆ ಶಾಮಿಯಾನವಿದೆ, ಸಾಲುಗಟ್ಟಿ ನಿಂತ ಮಕ್ಕಳಿಗೆ ಇಲ್ಲ. ಹೀಗೆ ಎಳೆಬಿಸಿಲಿನ ತಂಪುಹೊತ್ತೆಲ್ಲ ಸಮಾರಂಭಕ್ಕೆ ವೆಚ್ಚವಾಗಿ, ನಿಜವಾದ ಆಟ ಆರಂಭವಾಗುವಾಗ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಅತಿಥಿಗಳಿಗೆ ಅಗೌರವವಾಗದಂತೆ ಈ ಕ್ರಮವನ್ನು ತಲೆಕೆಳಗು ಮಾಡಬಹುದು: ಆಟ ಏಳು ಗಂಟೆಗೆ ಮೊದಲಾಗಲಿ, ಸಭೆ ನಡುಹಗಲಿನಲ್ಲಿ ಮರದ ನೆರಳಿನಲ್ಲಿಯೋ ಶಾಲೆಯ ಸಭಾಂಗಣದಲ್ಲಿಯೋ ಸೇರಲಿ. ಇದಕ್ಕೆ ಹಣ ಬೇಕಾಗಿಲ್ಲ, ಸಂಕಲ್ಪ ಸಾಕು.

ಸುತ್ತ ನೆರೆದವರ ಪಾಡು

ಓಡದೆ ಸುಮ್ಮನೆ ನೋಡುವವನಿಗೆ ಬಿಸಿಲಿನಿಂದೇನು ಎಂದು ಕೇಳಬಹುದು. ಸುಮ್ಮನೆ ಕುಳಿತ ಮನುಷ್ಯನ ಮೈಯೂ ಸುಮಾರು 100 ವಾಟ್‌ಗಳಷ್ಟು ಶಾಖವನ್ನು ಎಡೆಬಿಡದೆ ಸೂಸುತ್ತಿರುತ್ತದೆ. ಸಾವಿರ ಜನ ಒತ್ತಾಗಿ ನಿಂತಲ್ಲಿ ಅದು ಒಂದು ಲಕ್ಷ ವಾಟ್‌ಗಳಾಯಿತು. ಗುಂಪಿನ ನಡುವೆ ಗಾಳಿಯಾಡುವುದಿಲ್ಲ; ತಲೆಯ ಮೇಲಿನ ತಗಡಿನ ಚಾವಣಿ ಬಿಸಿಲನ್ನು ತಡೆದರೂ ತಾನೇ ಕಾದು ಕೆಳಗೆ ಕಾವು ಕಾರುತ್ತದೆ. ಬಹಳ ಹೊತ್ತು ಅಲುಗಾಡದೆ ನಿಂತವನ ಕಾಲುಗಳಲ್ಲಿ ರಕ್ತ ಸಂಗ್ರಹವಾಗಿ, ಮೆದುಳಿಗೆ ಸಾಲದೆ, ಕಣ್ಣುಕತ್ತಲೆ ಬಂದು ಅವನು ಕುಸಿಯುವನು. ಕಾಲ್ಚೆಂಡಿನ ನಿರ್ಣಾಯಕ ಘಟ್ಟದಲ್ಲಿ ಒಂದು ಗೋಲಿಗಾಗಿ ಕಾಯುತ್ತ ನಿಂತ ಅಭಿಮಾನಿ ನೀರಿಗೆಂದು ಜಾಗಬಿಟ್ಟು ಹೋಗುವುದಿಲ್ಲ; ಬಿಟ್ಟರೆ ಮತ್ತೆ ಆ ಜಾಗ ಸಿಗದು.

ಪ್ರೇಕ್ಷಕರ ಸಂಕಟ ಕಲ್ಪನೆಯ ಮಾತಲ್ಲ. 2023ರ ಏಪ್ರಿಲ್ 16ರಂದು ಮಹಾರಾಷ್ಟ್ರದ ಖಾರ್‌ಘರ್‌ನಲ್ಲಿ ತೆರೆದ ಬಯಲಿನಲ್ಲಿ ನಡೆದ ಪ್ರಶಸ್ತಿಪ್ರದಾನ ಸಮಾರಂಭಕ್ಕೆ ಬಂದಿದ್ದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಆಘಾತದಿಂದ ಅಸುನೀಗಿದರು. 2024ರ ಅಕ್ಟೋಬರ್ 6ರಂದು ಚೆನ್ನೈಯ ಮರೀನಾ ಕಡಲತೀರದಲ್ಲಿ ವಾಯುಪಡೆಯ ವಿಮಾನಪ್ರದರ್ಶನವನ್ನು ನೋಡಲು ಲಕ್ಷಾಂತರ ಜನ ನೆರೆದಾಗ ಐವರು ಪ್ರಾಣ ಕಳೆದುಕೊಂಡರು. ಈ ಎರಡು ಸಂದರ್ಭಗಳಲ್ಲಿಯೂ ಸತ್ತವರು ಓಡಿದವರಲ್ಲ, ಆಡಿದವರಲ್ಲ. ನೋಡುವ ಸಂತೋಷಕ್ಕಾಗಿ ಬಂದು ಬಿಸಿಲಿನಲ್ಲಿ ಕಾದವರು.

ಗುಂಪಿನಲ್ಲಿ ಎಲ್ಲರೂ ಒಂದೇ ಬಗೆಯಾಗಿ ಬಳಲುವುದಿಲ್ಲ. ವೃದ್ಧರಿಗೆ ಬಾಯಾರಿಕೆಯ ಅರಿವು ಮಂದವಾಗಿರುತ್ತದೆ. ಸಕ್ಕರೆ ರೋಗವುಳ್ಳವರೂ, ಹೃದಯದ ತೊಂದರೆಯಿಂದಾಗಿ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ನುಂಗುವವರೂ, ಬಸುರಿಯರೂ, ಕಂಕುಳಲ್ಲಿನ ಕೂಸುಗಳೂ ಬೇಗನೆ ಸೋಲುವರು. ಮದ್ಯ ಸೇವಿಸಿ ಬಂದವನ ದೇಹ ನೀರನ್ನು ಮತ್ತಷ್ಟು ಕಳೆದುಕೊಳ್ಳುವುದಲ್ಲದೆ, ಅವನ ನಡೆಯ ತಡವರಿಕೆಯನ್ನು ಅಮಲೆಂದೇ ಎಲ್ಲರೂ ತಿಳಿದು ಕಾಯಿಲೆಯನ್ನು ಗುರುತಿಸದೆ ಹೋಗುವರು. ಇವೆಲ್ಲಕ್ಕಿಂತ ಮನಸ್ಸಿಗೆ ನೋವುಂಟುಮಾಡುವ ಸಂಗತಿ ಹೆಂಗಸರದು. ಮೈದಾನದ ಸಮೀಪದಲ್ಲೆಲ್ಲಿಯೂ ಶೌಚಾಲಯವಿಲ್ಲವೆಂದು ತಿಳಿದ ತಾಯಂದಿರು, ಅಧ್ಯಾಪಿಕೆಯರು, ಆಡುವ ಹುಡುಗಿಯರು ಕೂಡ, ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ದಿನ ಕಳೆಯುತ್ತಾರೆ. ಕುಡಿಯಲು ನೀರಿಟ್ಟು, ಕುಡಿದವರಿಗೆ ಮರೆಯೊಂದನ್ನು ಒದಗಿಸದ ವ್ಯವಸ್ಥೆ ಅರ್ಧ ವ್ಯವಸ್ಥೆಯೇ ಸರಿ.

ಲಕ್ಷಣಗಳೂ ಉಪಚಾರವೂ

ಬಿಸಿಲಿನ ಬಾಧೆ ಮೆಟ್ಟಿಲುಮೆಟ್ಟಿಲಾಗಿ ಏರತಕ್ಕದ್ದು. ಮೊದಲು ಮೀನಖಂಡದಲ್ಲಿ, ತೊಡೆಯಲ್ಲಿ, ಹೊಟ್ಟೆಯಲ್ಲಿ ಸೆಳೆತ ಕಾಣಿಸುವುದು. ಆಗ ಆಟ ನಿಲ್ಲಿಸಿ, ನೆರಳಿಗೆ ಬಂದು, ಸ್ನಾಯುವನ್ನು ಮೆಲ್ಲನೆ ನೀವಿ, ಉಪ್ಪುಬೆರೆತ ಪಾನೀಯವನ್ನು ಕುಡಿದರೆ ಇಳಿಯುತ್ತದೆ. ಎರಡನೆಯದು ಬಳಲಿಕೆಯ ಹಂತ: ತಲೆನೋವು, ತಲೆಸುತ್ತು, ಓಕರಿಕೆ, ಬಿಳಿಚಿದ ಒದ್ದೆ ಚರ್ಮ, ವೇಗದ ನಾಡಿ. ಇಂಥವನನ್ನು ಅಂದಿನ ಆಟಕ್ಕೆ ಮತ್ತೆ ಇಳಿಸಕೂಡದು; ಮಲಗಿಸಿ, ಕಾಲುಗಳನ್ನು ತುಸು ಎತ್ತರದಲ್ಲಿರಿಸಿ, ಒದ್ದೆ ಬಟ್ಟೆಯಿಂದ ಮೈಯೊರಸಿ, ಗುಟುಕುಗುಟುಕಾಗಿ ಕುಡಿಸಬೇಕು. ಮೂರನೆಯದಾದ ಉಷ್ಣಾಘಾತದಲ್ಲಿ ಮೈಯ ಒಳತಾಪ 40 ಡಿಗ್ರಿಯನ್ನು ಮೀರಿ ಮೆದುಳು ಬಾಧೆಗೊಳಗಾಗುತ್ತದೆ. ಮಾತು ತೊದಲುವುದು, ಯಾವ ಕಡೆಯ ಗೋಲು ತನ್ನದೆಂದು ತಿಳಿಯದೆ ಕಂಗೆಡುವುದು, ಕಾರಣವಿಲ್ಲದೆ ರೇಗಾಡುವುದು, ಸೆಟೆದುಕೊಳ್ಳುವುದು, ಎಚ್ಚರ ತಪ್ಪುವುದು ಇದರ ಚಿಹ್ನೆಗಳು. ಚರ್ಮ ಒಣಗಿದ್ದರೆ ಮಾತ್ರ ಇದು ಎಂಬ ನಂಬಿಕೆ ತಪ್ಪು. ಆಡುತ್ತಿದ್ದವನ ಮೈ ಬೆವರಿನಿಂದ ತೊಯ್ದಿದ್ದಾಗಲೂ ಉಷ್ಣಾಘಾತವಾಗಬಲ್ಲುದು.

ಈ ಹಂತದಲ್ಲಿ ಒಂದೊಂದು ನಿಮಿಷವೂ ಅಮೂಲ್ಯ. 108ಕ್ಕೆ ಕರೆಮಾಡಬೇಕು, ಆದರೆ ವಾಹನ ಬರಲೆಂದು ಕಾಯುತ್ತ ನಿಲ್ಲಬಾರದು. ಮೊದಲು ತಂಪು, ಅನಂತರ ಸಾಗಣೆ ಎಂಬುದೇ ವೈದ್ಯಶಾಸ್ತ್ರದ ಇಂದಿನ ಸೂತ್ರ. ಕೊಳವೆಬಾವಿಯ ತೊಟ್ಟಿ ಸಮೀಪದಲ್ಲಿದ್ದರೆ, ತಲೆಯನ್ನು ನೀರಿನ ಮೇಲೆ ಎತ್ತಿಹಿಡಿದು, ಕುತ್ತಿಗೆಯವರೆಗೆ ಮೈಯನ್ನು ಅದರಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಶ್ರೇಷ್ಠವಾದ ಉಪಾಯ. ಇಲ್ಲವಾದರೆ ಬಿಂದಿಗೆಗಳಿಂದ ಮೈಮೇಲೆ ಎಡೆಬಿಡದೆ ನೀರು ಸುರಿಯುತ್ತ ಟವಲುಗಳಿಂದ ಗಾಳಿ ಬೀಸಬೇಕು. ಐಸ್‌ಕ್ಯಾಂಡಿ ಮಾರುವವನ ಪೆಟ್ಟಿಗೆಯಲ್ಲಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆ, ಕಂಕುಳು, ತೊಡೆಸಂದಿಗಳಿಗೆ ಇಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು. ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಇಲ್ಲಿ ನಿರರ್ಥಕ. ಜ್ವರದಲ್ಲಿ ಮೆದುಳು ತಾನೇ ತಾಪವನ್ನು ಏರಿಸಿಕೊಂಡಿರುತ್ತದೆ, ಉಷ್ಣಾಘಾತದಲ್ಲಿ ತಾಪ ಮೆದುಳಿನ ಹತೋಟಿಯನ್ನು ಮೀರಿರುತ್ತದೆ. ಈ ಕೆಲವು ವಿಷಯಗಳನ್ನು ಪ್ರತಿಯೊಬ್ಬ ಪಿ.ಟಿ. ಮೇಷ್ಟ್ರೂ, ಪ್ರತಿಯೊಂದು ಯುವಕ ಸಂಘದ ಕಾರ್ಯದರ್ಶಿಯೂ ಬಾಯಿಪಾಠವಾಗಿ ಬಲ್ಲವರಾದರೆ ಎಷ್ಟೋ ಜೀವಗಳು ಉಳಿಯುವುವು.

ಜಗತ್ತು ಕಲಿತದ್ದು

ತಾಪವನ್ನು ಅಳೆಯುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ವರ್ತಮಾನಪತ್ರಿಕೆಯಲ್ಲಿ ಅಚ್ಚಾಗುವ ಉಷ್ಣಾಂಶ ನೆರಳಿನದು. ಆಟಗಾರ ನಿಂತಿರುವುದು ಬಿಸಿಲಿನಲ್ಲಿ. ಈ ಕೊರತೆಯನ್ನು ನೀಗಿಸಲೆಂದು 1950ರ ದಶಕದಲ್ಲಿ ಅಮೆರಿಕದ ಸೇನೆ, ತರಬೇತಿಯಲ್ಲಿ ಕುಸಿಯುತ್ತಿದ್ದ ತನ್ನ ಸೈನಿಕರಿಗಾಗಿ ಒಂದು ಸಂಯುಕ್ತ ಸೂಚ್ಯಂಕವನ್ನು ರೂಪಿಸಿತು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಯ ಹತ್ತರಲ್ಲಿ ಏಳು ಪಾಲು, ಬಿಸಿಲಿನಲ್ಲಿಟ್ಟ ಕಪ್ಪುಗೋಳದೊಳಗಿನ ತಾಪದ ಎರಡು ಪಾಲು, ಸಾಮಾನ್ಯ ಗಾಳಿಯ ತಾಪದ ಒಂದು ಪಾಲು: ಈ ಮೂರನ್ನು ಕೂಡಿಸಿದರೆ ಬರುವ ಮೊತ್ತವೇ ಅದು. ಉದಾಹರಣೆಗೆ ಗಾಳಿ 38, ಗೋಳ 52, ಒದ್ದೆ ಮಾಪಕ 24 ಡಿಗ್ರಿ ತೋರಿಸುವ ಒಣ ಮಧ್ಯಾಹ್ನದಲ್ಲಿ ಸೂಚ್ಯಂಕ 31 ಆಗುತ್ತದೆ. ಭರಣಿ ಮಳೆಯ ಹನಿ ಬಿದ್ದ ಮಾರನೆಯ ದಿನ ಗಾಳಿ 34ಕ್ಕೆ, ಗೋಳ 48ಕ್ಕೆ ಇಳಿದು, ಒದ್ದೆ ಮಾಪಕ ಮಾತ್ರ 27ಕ್ಕೆ ಏರಿತೆನ್ನಿ. ಆಗ ಸೂಚ್ಯಂಕ ಸುಮಾರು 32. ಮಳೆ ಬಂದು ತಂಪಾಯಿತೆಂದು ಹಿಗ್ಗಿ ಮೈದಾನಕ್ಕಿಳಿಯುವ ದಿನವೇ ಮೈಗೆ ಹೆಚ್ಚು ಕಷ್ಟದ್ದಾಗಬಹುದೆಂಬುದನ್ನು ಈ ಲೆಕ್ಕ ತಿಳಿಸಿಕೊಡುತ್ತದೆ.

ಇದೇ ಸೂಚ್ಯಂಕ 32 ಡಿಗ್ರಿಯನ್ನು ಮೀರಿದರೆ ಆಟದ ನಡುವೆ ತಂಪಿನ ವಿರಾಮ ಕೊಡಬೇಕೆಂಬುದು ಅಂತರರಾಷ್ಟ್ರೀಯ ಕಾಲ್ಚೆಂಡು ಒಕ್ಕೂಟವಾದ ಫಿಫಾದ ಮಾರ್ಗಸೂಚಿ. 2014ರ ಜೂನ್ 29ರಂದು ಬ್ರೆಜಿಲಿನ ಫೋರ್ಟಲೇಜದಲ್ಲಿ ನೆದರ್ಲೆಂಡ್ಸ್ ಮತ್ತು ಮೆಕ್ಸಿಕೋಗಳ ನಡುವಣ ಪಂದ್ಯದಲ್ಲಿ ತೀರ್ಪುಗಾರರು ಅಂಥ ವಿರಾಮವನ್ನು ವಿಧ್ಯುಕ್ತವಾಗಿ ಘೋಷಿಸಿದರು. ಮರಳುಗಾಡಿನ ಕತಾರ್ ಆತಿಥ್ಯ ವಹಿಸಿದ 2022ರ ವಿಶ್ವಕಪ್ ಎಂದಿನ ಜೂನ್, ಜುಲೈಗಳನ್ನು ಬಿಟ್ಟು ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ನಡೆಯಿತು. ಕೋಟ್ಯಂತರ ಹಣ ತೊಡಗಿದ್ದ ಆ ಮಹೋತ್ಸವವೇ ಬಿಸಿಲಿಗಾಗಿ ಪಂಚಾಂಗವನ್ನು ಬದಲಾಯಿಸಿಕೊಂಡಿತು. 2025ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್ಪಿನಲ್ಲಿ ಜರ್ಮನಿಯ ಬೊರುಸಿಯ ಡಾರ್ಟ್‌ಮುಂಡ್ ತಂಡ ತನ್ನ ಕಾಯ್ದಿರಿಸಿದ ಆಟಗಾರರನ್ನು ಅಂಗಳದಂಚಿನ ಬಿಸಿಲಿನಲ್ಲಿ ಕೂರಿಸದೆ, ಪೂರ್ವಾರ್ಧವನ್ನು ಒಳಗಿನ ಕೊಠಡಿಯಿಂದಲೇ ನೋಡುವಂತೆ ಮಾಡಿತು. 2026ರ ವಿಶ್ವಕಪ್ಪಿಗಂತೂ ಹವೆ ಹೇಗೇ ಇರಲಿ, ಪ್ರತಿಯೊಂದು ಅರ್ಧದಲ್ಲಿಯೂ ಮೂರು ನಿಮಿಷಗಳ ನೀರಿನ ವಿರಾಮವಿರಬೇಕೆಂದು ಫಿಫಾ ಗೊತ್ತುಮಾಡಿತು. ವೈದ್ಯರ ತಂಡಗಳನ್ನೇ ಬೆನ್ನಿಗಿಟ್ಟುಕೊಂಡ ಲೋಕಪ್ರಸಿದ್ಧ ಆಟಗಾರರಿಗೆ ಇಷ್ಟು ಜತನ ಅಗತ್ಯವಾದರೆ, ಪ್ರಥಮಚಿಕಿತ್ಸೆಯ ಪೆಟ್ಟಿಗೆಯೊಂದೇ ಆಸರೆಯಾದ ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಜತನ ಸಲ್ಲತಕ್ಕದ್ದು.

ನಾಡಿನ ಸ್ವಂತ ವಿವೇಕ

ಹಾಗೆಂದು ಎಲ್ಲವನ್ನೂ ಹೊರಗಿನಿಂದ ತರಬೇಕಾಗಿಲ್ಲ. ಬಿಸಿಲಿನೊಡನೆ ಬಾಳುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ. ಬೇಸಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನಿಟ್ಟು ನೀರು, ಮಜ್ಜಿಗೆಗಳನ್ನು ಹಂಚುವುದನ್ನು ನಮ್ಮ ಹಿರಿಯರು ಪುಣ್ಯಕಾರ್ಯವೆಂದು ಭಾವಿಸಿದರು. ಶ್ರೀರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳು ಬೇಸಗೆಯ ಬಾಗಿಲಿನಲ್ಲಿಯೇ ಬರುವುದೂ ಅರ್ಥವತ್ತಾಗಿದೆ. ನೀರೂ ಉಪ್ಪೂ ಬೆರೆತ ಮಜ್ಜಿಗೆ, ಬೆಲ್ಲದ ಪಾನಕ, ರಾಗಿಯ ಅಂಬಲಿ, ಎಳನೀರು ಇವು ಬೆವರಿನಲ್ಲಿ ಹೋದುದನ್ನು ತುಂಬಿಕೊಡುವ ಪಾನೀಯಗಳು. ಒಂದು ಲೀಟರು ಶುದ್ಧವಾದ ನೀರಿಗೆ ಆರು ಚಹಾಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಮಟ್ಟಸವಾಗಿ ಅಳೆದು ಕರಗಿಸಿದರೆ ಮನೆಯಲ್ಲಿಯೇ ಜೀವಜಲ ಸಿದ್ಧವಾಗುವುದು. ದೀರ್ಘಕಾಲ ಆಡುವವನು ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ಅಪಾಯವಾಗುವುದುಂಟೆಂಬುದನ್ನೂ ಮರೆಯಬಾರದು. ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆಯುಳ್ಳ ಪಾವಗಡದಂಥ ಕಡೆಗಳಲ್ಲಿ ಕೊಳವೆಬಾವಿಯ ನೀರು ಮೈಮೇಲೆ ಸುರಿಯಲು ಒಳ್ಳೆಯದು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಡ್ರಮ್ಮುಗಳನ್ನು ತುಂಬಿಸಿ ತಂದಿಡಬೇಕು.

ಎರಡನೆಯ ವಿವೇಕ ಹೊನಲು ಬೆಳಕಿನ ಪಂದ್ಯಾವಳಿಗಳದು. ಹಗಲಿನ ದುಡಿಮೆ ಮುಗಿಸಿ, ಉಂಡು, ಊರೆಲ್ಲ ಕೂಡಿ ರಾತ್ರಿ ಕಬಡ್ಡಿಯನ್ನೋ ವಾಲಿಬಾಲನ್ನೋ ನೋಡುವ ಈ ಪದ್ಧತಿಯನ್ನು ನಮ್ಮ ಯುವಕರು ಯಾವ ವಿಜ್ಞಾನಿಯ ಸಲಹೆಗೂ ಕಾಯದೆ ರೂಢಿಗೆ ತಂದರು. ಬೇಸಗೆಯ ಮಟ್ಟಿಗೆ ಇದೇ ನಿಯಮವಾಗಲಿ. ದೀಪದ ವ್ಯವಸ್ಥೆ ಸಾಧ್ಯವಿಲ್ಲದ ಕಾಲ್ಚೆಂಡು, ಕ್ರಿಕೆಟ್ಟುಗಳು ಬೆಳಿಗ್ಗೆ ಒಂಬತ್ತರೊಳಗೆ ಮುಗಿದು ಇಳಿಬಿಸಿಲಿನಲ್ಲಿ ಮತ್ತೆ ಆರಂಭವಾಗಲಿ. ಬಂಡೆಗೆ ತಾಗಿಕೊಂಡ ಅಂಗಳಕ್ಕಿಂತ ಕೆರೆಯೇರಿಯ ಮರಗಳ ಕಡೆಯ ಅಂಗಳವನ್ನು ಆಯ್ದುಕೊಳ್ಳಲಿ.

ಮೂರನೆಯದು ಪಳಗಿಕೆ. ಬಿಸಿಲಿನಲ್ಲಿ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಹೆಚ್ಚಿಸಿದ ದೇಹ ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತದೆ: ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಮೊದಲಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಮೆಯಾಗುತ್ತದೆ. ಹೊಲದಲ್ಲಿ ದುಡಿಯುವ ಯುವಕನಿಗೆ ಈ ಪಳಗಿಕೆ ತಾನಾಗಿ ಬಂದಿರುತ್ತದೆ. ಬೆಂಗಳೂರಿನ ಕಛೇರಿಯಿಂದ ಜಾತ್ರೆಗೆಂದು ಊರಿಗೆ ಬಂದು, ಹಳೆಯ ನೆನಪಿನಲ್ಲಿ ಒಮ್ಮೆಗೇ ಅಂಗಳಕ್ಕಿಳಿಯುವ ಗೆಳೆಯನಿಗೆ ಬಂದಿರುವುದಿಲ್ಲ. ಅವನನ್ನು ತಡೆಯುವುದು ಸ್ನೇಹದ ಲಕ್ಷಣ.

ಪಂದ್ಯವನ್ನು ಏರ್ಪಡಿಸುವವರು ದಿನ ಗೊತ್ತುಮಾಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಲಿ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ರೈತರಿಗೆ ಮಳೆಯ ವಾರ್ತೆ ತಿಳಿಸುವಂತೆ ಕ್ರೀಡಾಪ್ರೇಮಿಗಳಿಗೂ ಹವೆಯ ವಾರ್ತೆಯನ್ನು ತಿಳಿಸಬಲ್ಲುದು. ಬಯಲುಸೀಮೆಯಲ್ಲಿ ಗರಿಷ್ಠ ತಾಪ 40 ಡಿಗ್ರಿಗೆ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದಾಗ ಇಲಾಖೆ ಅದನ್ನು ಬಿಸಿಗಾಳಿಯೆಂದು ಘೋಷಿಸುತ್ತದೆ. ಆ ಘೋಷಣೆಯಾದ ದಿನ ಹಗಲಿನ ಪಂದ್ಯ ಇಲ್ಲವೇ ಇಲ್ಲವೆಂಬ ಕಟ್ಟುಪಾಡು ಬರಲಿ. ಪಂದ್ಯವನ್ನು ಮುಂದೂಡುವ ಅಧಿಕಾರವನ್ನು ಬಹುಮಾನ ಕೊಡುವ ದಾನಿಗಾಗಲಿ ಅತಿಥಿಗಾಗಲಿ ಬಿಡದೆ, ಅಂಗಳದಲ್ಲಿ ಸ್ವತಃ ನಿಂತಿರುವ ತೀರ್ಪುಗಾರನ ಕೈಗೆ ಕೊಡಲಿ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಈ ಕಾರ್ಯದಲ್ಲಿ ಮೊದಲ ಹೆಜ್ಜೆಯಿಡುವ ಯೋಗ್ಯತೆಯೂ ಅವಕಾಶವೂ ಎರಡೂ ಇವೆ. ನಾಲ್ಕೇ ತಾಲ್ಲೂಕುಗಳು, ಒಂದೇ ಬಗೆಯ ಬಿಸಿಲು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬಲ್ಲ ದೈಹಿಕ ಶಿಕ್ಷಣದ ಅಧ್ಯಾಪಕರು: ಇವರೆಲ್ಲ ವರ್ಷದ ಆದಿಯಲ್ಲಿ ಒಮ್ಮೆ ಕುಳಿತು, ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಆಟವಿಲ್ಲ, ಪ್ರತಿ ಅರ್ಧದಲ್ಲಿ ನೀರಿನ ವಿರಾಮ ಕಡ್ಡಾಯ, ಮೈದಾನಕ್ಕೊಂದು ಅರವಟ್ಟಿಗೆ, ಒಂದು ತೊಟ್ಟಿ ನೀರು, ಹೆಂಗಸರಿಗೆ ಮರೆಯುಳ್ಳ ಶೌಚಾಲಯ ಎಂಬಿಷ್ಟನ್ನು ನಿರ್ಣಯಿಸಿ ನಡೆಸಿದರೆ, ಅದು ಕಾಗದದ ಸುತ್ತೋಲೆಗಿಂತ ಬೇಗನೆ ನೆರೆಯ ಜಿಲ್ಲೆಗಳಿಗೆ ಹಬ್ಬುವುದರಲ್ಲಿ ಸಂದೇಹವಿಲ್ಲ. ಪಾರಿತೋಷಕ ಯಾವ ತಾಲ್ಲೂಕಿಗಾದರೂ ಹೋಗಲಿ. ಮನೆಯಿಂದ ಆಡಲು ಬಂದ ಮಗು, ನೋಡಲು ಬಂದ ಅಜ್ಜ, ಸಂಜೆಗೆ ಆರೋಗ್ಯವಾಗಿ ಮನೆ ಸೇರಿದ ಕ್ರೀಡಾಕೂಟವೇ ಯಶಸ್ವಿಯಾದ ಕ್ರೀಡಾಕೂಟ.